ಹೆರಿಗೆಯ ತೊಟ್ಟಿಗೆ ಎಷ್ಟು ಖರ್ಚು?

ಮೂವತ್ತಾರು ವರ್ಷ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು ನಾನು. ಪಿಗ್ಮಿ ಲೆಕ್ಕ, ಬೆಳೆಸಾಲ, ಚಿನ್ನದ ಮೇಲಿನ ಸಾಲ ಎಲ್ಲ ಬರೆದಿದ್ದೇನೆ. ಆದರೆ ಹೆರಿಗೆಗೆಂದು ತೊಟ್ಟಿ ಖರೀದಿಸುವ ಲೆಕ್ಕ ಬರೆಯುವ ದಿನವೂ ಬರುತ್ತದೆ ಎಂದು ಎಣಿಸಿರಲಿಲ್ಲ.

ಕಳೆದ ವರ್ಷ ನಮ್ಮ ಕಿರಿಯ ಮಗಳು ಇಂಗ್ಲೆಂಡಿನಿಂದ ಫೋನ್ ಮಾಡಿದಳು. ಅವಳಿಗೆ ಆಗ ಆರು ತಿಂಗಳು ತುಂಬಿತ್ತು. ಅದು ಎರಡನೆಯ ಬಸಿರು. "ಅಪ್ಪ, ಈ ಸಲ ಹೆರಿಗೆ ಮನೆಯಲ್ಲೇ, ನೀರಿನ ತೊಟ್ಟಿಯಲ್ಲಿ ಅಂತ ಯೋಚನೆ ಮಾಡ್ತಾ ಇದ್ದೇನೆ. ತೊಟ್ಟಿಗಳ ರೇಟು ಒಂದಕ್ಕೊಂದು ತಾಳೆಯಾಗುವುದಿಲ್ಲ. ನೀವು ಸ್ವಲ್ಪ ಲೆಕ್ಕ ಹಾಕಿ ಹೇಳ್ತೀರಾ?" ಎಂದಳು.

ನಾನು ಉತ್ತರ ಕೊಡಲಿಲ್ಲ. ಫೋನನ್ನು ಮನೆಯಾಕೆಯ ಕೈಗೆ ಕೊಟ್ಟು ಅಂಗಳಕ್ಕೆ ಹೋದೆ.

ಹಂಡೆಯ ನೀರು

ಕಾಣಿಯೂರಿನ ನಮ್ಮ ಮನೆಯ ಬಚ್ಚಲಲ್ಲಿ ಒಂದು ಹಳೆಯ ತಾಮ್ರದ ಹಂಡೆ ಈಗಲೂ ಇದೆ. 1958ರ ಆಟಿ ತಿಂಗಳಲ್ಲಿ, ನನಗೆ ಎಂಟು ವರ್ಷವಾಗಿದ್ದಾಗ, ಅದೇ ಹಂಡೆಗೆ ನೆಕ್ಕಿ ಸೊಪ್ಪು ಹಾಕಿ ನೀರು ಕಾಯಿಸಿದ್ದರು. ಅಮ್ಮನಿಗೆ ಬೆಳಗಿನ ಜಾವ ಹೆರಿಗೆಯಾಗಿತ್ತು. ಊರಿನ ಅಜ್ಜಿಯೇ ಹೆರಿಗೆ ಮಾಡಿಸಿದ್ದು. ತಂಗಿ ಹುಟ್ಟಿದಳು, ಗಟ್ಟಿಯಾಗಿ ಅತ್ತಳು. ಎಲ್ಲರೂ ನಕ್ಕರು. ಒಲೆಗೆ ಕೊತ್ತಳಿಗೆ ತುಂಬುವ ಕೆಲಸ ನನ್ನದಾಗಿತ್ತು.

ಅಮ್ಮನ ರಕ್ತ ನಿಲ್ಲಲಿಲ್ಲ. ಪುತ್ತೂರಿಗೆ ಕರೆದೊಯ್ಯಬೇಕೆಂದು ಅಪ್ಪ ಆರಾಮ ಕುರ್ಚಿಗೆ ಬಿದಿರು ಕಟ್ಟಿಸಿದರು. ನಾಲ್ಕು ಜನ ಹೊತ್ತುಕೊಂಡು ಹೊರಟರು. ತೋಡು ತುಂಬಿ ಅಡಿಕೆ ಮರದ ಸಂಕ ಕೊಚ್ಚಿಹೋಗಿತ್ತು. ಮತ್ತೊಂದು ದಾರಿ ಹಿಡಿಯಲು ಹಿಂದೆ ತಿರುಗಿದರು. ಅಷ್ಟರಲ್ಲಿ ಎಲ್ಲ ಮುಗಿದಿತ್ತು. ಹಂಡೆಯ ನೀರನ್ನು ಮತ್ತೆ ಯಾರೂ ಮುಟ್ಟಲಿಲ್ಲ. ಸಂಜೆಯ ಹೊತ್ತಿಗೆ ಅದು ತಣ್ಣಗಾಗಿತ್ತು.

ಹಾಗಾಗಿ 'ಮನೆಯಲ್ಲೇ ಹೆರಿಗೆ' ಎಂಬ ಮಾತು ನನ್ನ ಕಿವಿಗೆ ಬೇರೆಯೇ ಆಗಿ ಕೇಳುತ್ತದೆ. ಮಗಳಿಗೆ ಆ ಕಥೆ ಗೊತ್ತು. ಆದರೂ ನನ್ನನ್ನೇ ಕೇಳಿದ್ದಳು.

ಮೊದಲು ಅಂಕಿ ತೋರಿಸು

ಮೂರು ದಿನ ಬಿಟ್ಟು ನಾನೇ ಫೋನ್ ಮಾಡಿದೆ. "ತೊಟ್ಟಿಯ ರೇಟು ಆಮೇಲೆ. ಮನೆಯಲ್ಲಿ ಹೆರಿಗೆಯಾದರೆ ಅಪಾಯ ಎಷ್ಟು? ಅಂಕಿ ಉಂಟಾ?" ಎಂದು ಕೇಳಿದೆ.

ಇತ್ತು. ಇಂಗ್ಲೆಂಡಿನಲ್ಲಿ ಅಪಾಯದ ಲಕ್ಷಣಗಳಿಲ್ಲದ ಸುಮಾರು 64,500 ಗರ್ಭಿಣಿಯರನ್ನು ಗಮನಿಸಿ ಮಾಡಿದ 'ಬರ್ತ್‌ಪ್ಲೇಸ್' ಎಂಬ ದೊಡ್ಡ ಅಧ್ಯಯನ 2011ರಲ್ಲಿ ಪ್ರಕಟವಾಗಿದೆ. ಚೊಚ್ಚಲ ಹೆರಿಗೆಯನ್ನು ಮನೆಯಲ್ಲಿ ಮಾಡಿಸಿಕೊಳ್ಳಲು ಹೊರಟವರಲ್ಲಿ ಮಗುವಿಗೆ ಗಂಭೀರ ತೊಂದರೆಯಾದದ್ದು ಸಾವಿರಕ್ಕೆ 9.3. ವೈದ್ಯರಿರುವ ಆಸ್ಪತ್ರೆಯ ಘಟಕಗಳಲ್ಲಿ ಅದು ಸಾವಿರಕ್ಕೆ 5.3. ಅಂದರೆ ಮೊದಲ ಹೆರಿಗೆಗೆ ಮನೆಯಲ್ಲಿ ಅಪಾಯ ಹೆಚ್ಚು. ಎರಡನೆಯ ಅಥವಾ ಆಮೇಲಿನ ಹೆರಿಗೆಯಲ್ಲಿ ಮನೆಗೂ ಆಸ್ಪತ್ರೆಗೂ ಅಂಥ ವ್ಯತ್ಯಾಸ ಕಾಣಲಿಲ್ಲ.

ಇನ್ನೊಂದು ಅಂಕಿಯ ಕೆಳಗೆ ನಾನು ಎರಡು ಗೆರೆ ಎಳೆದೆ. ಮನೆಯಲ್ಲಿ ಹೆರುತ್ತೇವೆಂದು ಹೊರಟವರಲ್ಲಿ, ಹೆರಿಗೆಯ ಮೊದಲು ಅಥವಾ ಆದ ಕೂಡಲೇ ಆಸ್ಪತ್ರೆಗೆ ಸಾಗಿಸಬೇಕಾಗಿ ಬಂದದ್ದು ಚೊಚ್ಚಲಿನವರಲ್ಲಿ ನೂರಕ್ಕೆ 45, ಉಳಿದವರಲ್ಲಿ ನೂರಕ್ಕೆ 12. ಎರಡನೆಯ ಹೆರಿಗೆಯೇ ಆದರೂ ಎಂಟು ಮಂದಿಯಲ್ಲಿ ಒಬ್ಬಳು ಆಂಬುಲೆನ್ಸ್ ಹತ್ತುತ್ತಾಳೆ.

ಹಾಗಾದರೆ ಆ ದಾರಿ ಹೇಗಿದೆ ಎಂಬುದೇ ಮುಖ್ಯ. ಮಗಳು ವಿವರಿಸಿದಳು. ಅಲ್ಲಿ ಸರಕಾರಿ ಆರೋಗ್ಯ ಸೇವೆಯ ತರಬೇತಾದ ಮಿಡ್‌ವೈಫ್ ಮನೆಗೇ ಬರುತ್ತಾರೆ, ಮಗು ಹುಟ್ಟುವ ಹೊತ್ತಿಗೆ ಸಾಮಾನ್ಯವಾಗಿ ಇಬ್ಬರಿರುತ್ತಾರೆ. ಅದಕ್ಕೆ ಹಣ ಕೊಡಬೇಕಿಲ್ಲ. ರಕ್ತ ನಿಲ್ಲಿಸುವ ಚುಚ್ಚುಮದ್ದು, ಮಗುವಿಗೆ ಉಸಿರು ಕೊಡುವ ಚೀಲ, ಆಮ್ಲಜನಕ ಅವರ ಜತೆಗಿರುತ್ತದೆ. ಅವಳ ಮನೆಯಿಂದ ಆಸ್ಪತ್ರೆಗೆ ಹನ್ನೆರಡು ನಿಮಿಷ.

"ಸರಿ, ಈಗ ತೊಟ್ಟಿಯ ರೇಟು ಕಳಿಸು" ಎಂದೆ.

ನೀರಿನಿಂದ ಏನು ಪ್ರಯೋಜನ?

ನೋವು ತಿನ್ನುವಾಗ ಬಿಸಿನೀರು ಬೆನ್ನಿಗೆ ಹಿತವೆಂಬುದು ನಮ್ಮ ಅಜ್ಜಿಯಂದಿರಿಗೆ ಗೊತ್ತಿದ್ದ ಸಂಗತಿ. ಅದನ್ನು ಆಸ್ಪತ್ರೆಯ ಪದ್ಧತಿಯಾಗಿ ಮಾಡಿ ಹೆಸರಾದವರು ಫ್ರಾನ್ಸಿನ ವೈದ್ಯ ಮಿಶೆಲ್ ಓಡೆಂಟ್. ಪಿಥಿವಿಯೇ ಎಂಬ ಊರಿನ ಆಸ್ಪತ್ರೆಯಲ್ಲಿ ನೀರಿನೊಳಗೇ ಆದ ನೂರು ಹೆರಿಗೆಗಳ ವರದಿಯನ್ನು ಅವರು 1983ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಸಾಧ್ಯವಿರುವ ಆಸ್ಪತ್ರೆಗಳಲ್ಲೆಲ್ಲ ಹೆರಿಗೆಯ ತೊಟ್ಟಿ ಇರಲಿ ಎಂದು ಬ್ರಿಟನ್ನಿನ ಸಂಸತ್ತಿನ ಆರೋಗ್ಯ ಸಮಿತಿ 1992ರಲ್ಲಿ ಸಲಹೆ ಮಾಡಿತು.

ನೀರಿನಲ್ಲಿ ಕೂತು ನೋವು ತಿಂದವರಿಗೆ ಬೆನ್ನಿಗೆ ಚುಚ್ಚುವ ಅರಿವಳಿಕೆಯ ಅಗತ್ಯ ಕಡಿಮೆಯಾಗುತ್ತದೆ ಎಂಬುದನ್ನು ಅಧ್ಯಯನಗಳು ತೋರಿಸಿವೆ. ಆದರೆ ಮಗು ನೀರಿನೊಳಗೇ ಹುಟ್ಟಬೇಕೇ ಎಂಬಲ್ಲಿ ಎಲ್ಲರೂ ಒಂದೇ ಮಾತು ಹೇಳುವುದಿಲ್ಲ. ಅಮೆರಿಕದ ಪ್ರಸೂತಿ ತಜ್ಞರ ಸಂಘ 2016ರಲ್ಲಿ ಹೇಳಿದ್ದು ಹೀಗೆ: ನೋವಿನ ಮೊದಲ ಹಂತದಲ್ಲಿ ನೀರಿನಲ್ಲಿರಬಹುದು, ಹೆರಿಗೆ ಮಾತ್ರ ನೀರಿನ ಹೊರಗೆ ಆಗಲಿ. ಬ್ರಿಟನ್ನಿನಲ್ಲಿ ನೀರಿನಲ್ಲೇ ಹೆರಲು ಅವಕಾಶವಿದೆ.

ಅವಳಿ ಮಕ್ಕಳು, ಅಡ್ಡ ಅಥವಾ ಕಾಲು ಮುಂದಾದ ಮಗು, ತಿಂಗಳು ತುಂಬದ ನೋವು, ರಕ್ತದ ಒತ್ತಡ, ರಕ್ತಸ್ರಾವ, ಹಿಂದೆ ಸಿಸೇರಿಯನ್ ಆದವರು ಇಂಥವರಿಗೆ ಮನೆಯ ತೊಟ್ಟಿಯ ಮಾತೇ ಬೇಡ. ಮಗಳಿಗೆ ಇವು ಯಾವುದೂ ಇರಲಿಲ್ಲ. ಮೊದಲ ಹೆರಿಗೆ ಸಹಜವಾಗಿಯೇ ಆಗಿತ್ತು.

ನಾಲ್ಕು ಬಗೆಯ ತೊಟ್ಟಿ

ಅವಳು ಕಳಿಸಿದ ವಿವರಗಳನ್ನು ನಾನು ಉದ್ದ ಪುಸ್ತಕದಲ್ಲಿ ನಾಲ್ಕು ಕಾಲಂ ಮಾಡಿ ಬರೆದೆ.

ಮೊದಲನೆಯದು ಮಕ್ಕಳು ಆಡುವ ಗಾಳಿ ತುಂಬಿದ ತೊಟ್ಟಿ. ನಲುವತ್ತು ಪೌಂಡಿನೊಳಗೆ ಸಿಗುತ್ತದೆ. ಅಗ್ಗವೆಂದು ಅಳಿಯ ಅದರ ಮೇಲೆ ಕಣ್ಣಿಟ್ಟಿದ್ದ. ಆದರೆ ಅದರ ಅಂಚು ತಗ್ಗು, ಗೋಡೆ ಮೆತ್ತಗೆ. ಹೆರಿಗೆಯ ತೊಟ್ಟಿಯಲ್ಲಿ ಕೂತಾಗ ಹೊಟ್ಟೆ ಪೂರ್ತಿ ಮುಳುಗಬೇಕು. ಅದಕ್ಕೆ ಐವತ್ತು ಅರವತ್ತು ಸೆಂಟಿಮೀಟರ್ ಆದರೂ ನೀರು ನಿಲ್ಲಬೇಕು. ನೋವು ಬಂದಾಗ ಅಂಚಿಗೆ ತೋಳು ಊರಿ ಭಾರ ಬಿಟ್ಟರೆ ಅದು ಮಡಚಬಾರದು. ಹಿಡಿದುಕೊಳ್ಳಲು ಹಿಡಿಕೆ ಬೇಕು, ತಳಕ್ಕೂ ಗಾಳಿಯ ಮೆತ್ತೆ ಬೇಕು. ಮೊದಲ ಕಾಲಂಗೆ ಕಾಟು ಹೊಡೆದೆ.

ಎರಡನೆಯದು ಹೆರಿಗೆಗೆಂದೇ ಮಾಡಿದ ಗಾಳಿ ತುಂಬುವ ತೊಟ್ಟಿ. ನೂರರಿಂದ ಇನ್ನೂರು ಪೌಂಡಿನ ನಡುವೆ. ಇದರಲ್ಲೂ ಎರಡು ದರ್ಜೆ ಉಂಟು. ಒಬ್ಬ ತಾಯಿಗೆ ಮಾತ್ರ ಎಂದು ಮಾಡಿದ್ದು ಒಂದು, ಪ್ರತಿ ಸಲ ಹೊಸ ಒಳಹಾಳೆ ಹಾಕಿ ಹಲವರು ಬಳಸಬಹುದಾದದ್ದು ಇನ್ನೊಂದು. ಮಗಳ ಪರಿಚಯದ ಕನ್ನಡದವರೊಬ್ಬರು ತಮ್ಮ ತೊಟ್ಟಿಯನ್ನು ಸುಮ್ಮನೇ ಕೊಡಲು ಒಪ್ಪಿದ್ದರು. ನೋಡಿದರೆ ಅದು ಒಬ್ಬರಿಗೇ ಎಂದು ಮಾಡಿದ ದರ್ಜೆಯದ್ದು. ಮಿಡ್‌ವೈಫ್ ಬೇಡವೆಂದರು. ಪುಕ್ಕಟೆ ಸಿಕ್ಕಿತೆಂದು ಒಬ್ಬ ಬಾಣಂತಿಯ ತೊಟ್ಟಿಯನ್ನು ಇನ್ನೊಬ್ಬಳಿಗೆ ಕೊಡುವುದು ಸರಿಯಲ್ಲ.

ಮೂರನೆಯದು ಚೌಕಟ್ಟಿನ ಗಟ್ಟಿ ತೊಟ್ಟಿ, ಕೆಲವು ವಾರಗಳ ಬಾಡಿಗೆಗೆ. ಚೆನ್ನಾಗಿರುತ್ತದೆ. ಆದರೆ ಬಾಡಿಗೆ, ತಂದುಕೊಡುವ ಕೂಲಿ, ಒಳಹಾಳೆ ಎಲ್ಲ ಕೂಡಿಸಿದಾಗ ಎರಡನೆಯದನ್ನು ಕೊಂಡುಕೊಳ್ಳುವುದೇ ಅಗ್ಗವೆಂದು ಕಂಡಿತು. ದಿನ ದಾಟಿದರೆ ಬಾಡಿಗೆಯೂ ಬೆಳೆಯುತ್ತದೆ. ಹೆರಿಗೆಯ ದಿನಕ್ಕೆ ವಾಯಿದೆ ಹಾಕುವವರು ಯಾರು?

ನಾಲ್ಕನೆಯದು ಒಳಗೇ ಹೀಟರ್, ನೀರು ತಿರುಗಿಸುವ ಪಂಪು ಇರುವ ತೊಟ್ಟಿ. ಕೆಲವು ದಿನ ಮೊದಲೇ ತುಂಬಿಸಿ ಬಿಸಿಯಾಗಿ ಇಟ್ಟುಕೊಳ್ಳಬಹುದು. ಕೇಳಲು ಅನುಕೂಲ, ಆದರೆ ಇದೇ ಎಲ್ಲಕ್ಕಿಂತ ಅಪಾಯದ್ದು. ದಿನಗಟ್ಟಲೆ ಉಗುರುಬೆಚ್ಚಗೆ ನಿಂತ ನೀರಿನಲ್ಲಿ ಲೀಜನೆಲ್ಲಾ ಎಂಬ ಬ್ಯಾಕ್ಟೀರಿಯಾ ಬೆಳೆಯುತ್ತದೆ, ಅದು ಶ್ವಾಸಕೋಶಕ್ಕೆ ಹೋಗುತ್ತದೆ. ಇಂಥ ತೊಟ್ಟಿಯಲ್ಲಿ ಹುಟ್ಟಿದ ಮಗುವೊಂದಕ್ಕೆ ಆ ರೋಗ ತಗಲಿದ ಮೇಲೆ, 2014ರ ಜೂನ್‌ನಲ್ಲಿ ಇಂಗ್ಲೆಂಡಿನ ಆರೋಗ್ಯ ಇಲಾಖೆಯವರು ಮನೆಯ ಹೆರಿಗೆಗೆ ಇವನ್ನು ಬಳಸಬೇಡಿ ಎಂದು ಎಚ್ಚರಿಕೆ ಕೊಟ್ಟರು. ನಮ್ಮ ಹಂಡೆಯ ಪದ್ಧತಿಯೇ ಸರಿ: ಅಂದಿನ ನೀರು ಅಂದಿಗೆ.

ಎರಡನೆಯದೇ ಎಂದು ನಿಶ್ಚಯವಾಯಿತು. ತೊಟ್ಟಿಗೆ 130 ಪೌಂಡು, ಒಳಹಾಳೆಗೆ 28, ಗಾಳಿಪಂಪು, ಕುಡಿಯುವ ನೀರಿನ ದರ್ಜೆಯ ಹೊಸ ಪೈಪು, ನಲ್ಲಿಗೆ ಸಿಕ್ಕಿಸುವ ಜೋಡಣೆ, ನೀರು ಖಾಲಿ ಮಾಡುವ ಸಣ್ಣ ಪಂಪು, ಥರ್ಮಾಮೀಟರ್, ಜರಡಿ, ನೆಲಕ್ಕೆ ಹಾಸಲು ಟಾರ್ಪಾಲು ಎಲ್ಲ ಸೇರಿ 45. ಒಟ್ಟು 203. ಪೌಂಡಿಗೆ 110 ರೂಪಾಯಿ ಹಿಡಿದರೆ 22,330 ರೂಪಾಯಿ. ತೋಟಕ್ಕೆ ಹೊಡೆಯುವ ಹಳೆಯ ಪೈಪು ಸಾಕಲ್ಲವೇ ಎಂದು ನಾನು ಕೇಳಿದ್ದೆ. ಸಾಲದಂತೆ, ಅದರೊಳಗೆ ನಿಂತ ನೀರೂ ರೋಗಾಣುಗಳ ಮನೆಯೇ.

ಆರುನೂರು ಲೀಟರಿನ ಭಾರ

ಇಂಥ ತೊಟ್ಟಿ ಸುಮಾರು 600 ಲೀಟರ್ ಹಿಡಿಯುತ್ತದೆ. ಅಡಿಕೆ ತೋಟದವರಿಗೆ ಬೇಗ ತಿಳಿಯುವಂತೆ ಹೇಳುವುದಾದರೆ, ಬೋರ್ಡೋ ದ್ರಾವಣದ 200 ಲೀಟರಿನ ಮೂರು ಡ್ರಮ್ಮು. ತೂಕ 600 ಕಿಲೋ, ಹನ್ನೆರಡು ಮೂಟೆ ಸಿಮೆಂಟು. ಅದರ ಮೇಲೆ ತಾಯಿಯ ಭಾರ. ಅಲ್ಲಿನ ಮನೆಗಳ ಮಹಡಿಯ ನೆಲ ಹೆಚ್ಚಾಗಿ ಮರದ್ದು. ಆದ್ದರಿಂದ ತೊಟ್ಟಿ ಕೆಳಗಿನ ಕೋಣೆಯಲ್ಲೇ ಇರಲಿ ಎಂದೆ.

ಮತ್ತೆ ಬಿಸಿನೀರು. ನಲ್ಲಿಯ ತಣ್ಣೀರು 10 ಡಿಗ್ರಿ, ಬಿಸಿನೀರು 60 ಡಿಗ್ರಿ ಎಂದು ಹಿಡಿದರೆ, 600 ಲೀಟರನ್ನು 37 ಡಿಗ್ರಿಗೆ ತರಲು 324 ಲೀಟರ್ ಬಿಸಿನೀರು ಬೇಕು. 150 ಲೀಟರಿನ ಟ್ಯಾಂಕಿರುವ ಮನೆಯಾದರೆ ಅರ್ಧಕ್ಕೇ ತಣ್ಣೀರು ಬರುತ್ತದೆ. ಮಗಳ ಮನೆಯದ್ದು ಹರಿಯುತ್ತಿದ್ದಂತೆ ಕಾಯಿಸುವ ಬಾಯ್ಲರ್, ನಿಮಿಷಕ್ಕೆ ಹತ್ತು ಲೀಟರ್. ತುಂಬಲು ಒಂದು ಗಂಟೆ. ಎರಡನೆಯ ಹೆರಿಗೆ ಬೇಗ ಆಗುವುದೇ ಹೆಚ್ಚು. ಹಾಗಾಗಿ ಒಂದು ದಿನ ಮುಂಚಿತವಾಗಿ ತುಂಬಿಸಿ ನೋಡಿ, ಎಷ್ಟು ಹೊತ್ತು ಹಿಡಿಯುತ್ತದೆಂದು ಬರೆದಿಟ್ಟು, ಖಾಲಿ ಮಾಡಿ ಒಣಗಿಸಿಡಲು ಹೇಳಿದೆ. ನೀರು 37.5 ಡಿಗ್ರಿ ದಾಟಬಾರದು, ಗಂಟೆಗೊಮ್ಮೆ ನೋಡಬೇಕು. ತಾಯಿಯ ಮೈ ಕಾದರೆ ಹೊಟ್ಟೆಯೊಳಗಿನ ಮಗುವೂ ಬಳಲುತ್ತದೆ.

ಆ ರಾತ್ರಿ

ಬಾಣಂತನಕ್ಕೆಂದು ನಾನೂ ಮನೆಯಾಕೆಯೂ ಅಲ್ಲಿಗೆ ಹೋದೆವು. ದಿನ ತುಂಬಿದ ವಾರದಲ್ಲಿ ಒಂದು ರಾತ್ರಿ ಹನ್ನೊಂದಕ್ಕೆ ನೋವು ಶುರುವಾಯಿತು. ಅಳಿಯ ತೊಟ್ಟಿ ತುಂಬಿಸಲು ಹೊರಟ. ಮನೆಯಾಕೆ ಅಡುಗೆಮನೆಯಲ್ಲಿ ಕಾಫಿಗಿಟ್ಟಳು. ನನಗೆ ವಹಿಸಿದ್ದು ಮೇಲಿನ ಕೋಣೆಯಲ್ಲಿ ಐದು ವರ್ಷದ ಮೊಮ್ಮಗಳ ಕಾವಲು. ಅವಳು ನಿದ್ದೆ ಹೋಗಿದ್ದಳು, ನಾನು ಕಿವಿ ತೆರೆದು ಕೂತಿದ್ದೆ.

ಮಿಡ್‌ವೈಫ್ ಇಬ್ಬರೂ ಬಂದರು. ಹದಿನೈದು ನಿಮಿಷಕ್ಕೊಮ್ಮೆ, ಆಮೇಲೆ ಐದು ನಿಮಿಷಕ್ಕೊಮ್ಮೆ, ನೀರಿನೊಳಗೂ ನಡೆಯುವ ಸಣ್ಣ ಯಂತ್ರ ಹಿಡಿದು ಮಗುವಿನ ಎದೆಬಡಿತ ಕೇಳುತ್ತಿದ್ದರಂತೆ. ಮೆಟ್ಟಿಲ ಮೇಲೆ ಕೂತ ನನಗೂ ಅದು ಕೇಳುತ್ತಿತ್ತು, ಕುದುರೆ ಓಡಿದ ಹಾಗೆ. ಎರಡೂವರೆಗೆ ಮಗು ಹುಟ್ಟಿತು, ನೀರಿನಲ್ಲೇ. ಬಳ್ಳಿ ಎಳೆಯದಂತೆ ಮೆಲ್ಲಗೆ ಮೇಲಕ್ಕೆತ್ತಿ ತಾಯಿಯ ಎದೆಗೆ ಕೊಟ್ಟರು. ಗಂಡು. ಅಳು ಕೇಳಿತು. ಮನೆಯಾಕೆ ಕೆಳಗಿನಿಂದಲೇ ಕೂಗಿ ಹೇಳಿದಳು.

ಆಮೇಲೆ ಸದ್ದು ಬದಲಾಯಿತು.

ನೀರು ಕೆಂಪಾಗುತ್ತಿತ್ತು. ತೊಟ್ಟಿಯ ದೊಡ್ಡ ಕೊರತೆ ಅದೇ, ನೀರಿನಲ್ಲಿ ಬೆರೆತ ರಕ್ತ ಎಷ್ಟೆಂದು ಅಳೆಯುವುದು ಕಷ್ಟ. ಮಿಡ್‌ವೈಫ್ ಊಹೆ ಮಾಡುತ್ತಾ ಕೂರಲಿಲ್ಲ. ಮಗಳನ್ನು ಹೊರಗೆ ತಂದು ಮಲಗಿಸಿದರು, ತೊಡೆಗೆ ಚುಚ್ಚುಮದ್ದು ಕೊಟ್ಟರು, ಹೊಟ್ಟೆಯನ್ನು ಒತ್ತಿ ತಿಕ್ಕಿದರು. ಇನ್ನೊಬ್ಬರು ಅಷ್ಟರಲ್ಲೇ ಫೋನ್ ಮಾಡಿದ್ದರು. ಆಂಬುಲೆನ್ಸ್ ಬಾಗಿಲಿಗೆ ಬಂತು. ಮಿಡ್‌ವೈಫ್ ಒಬ್ಬರು ಜತೆಯಲ್ಲೇ ಹತ್ತಿದರು. ಕಿಟಕಿಯಿಂದ ನೋಡುತ್ತಿದ್ದ ನನ್ನ ಕಣ್ಣೆದುರು ಬಂದದ್ದು ಬಿದಿರು ಕಟ್ಟಿದ ಆರಾಮ ಕುರ್ಚಿ.

ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿದರು. ರಕ್ತ ನಿಂತಿತು. ಮರುದಿನ ಸಂಜೆ ತಾಯಿಯೂ ಮಗುವೂ ಮನೆಗೆ ಬಂದರು. ಮಗಳ ಮುಖ ಬಿಳುಚಿತ್ತು, ಆದರೂ ನಗುತ್ತಿದ್ದಳು. "ಎಂಟರಲ್ಲಿ ಒಬ್ಬಳು ನಾನೇ ಆದೆ ಅಪ್ಪ" ಎಂದಳು. ನನಗೆ ಮಾತು ಹೊರಡಲಿಲ್ಲ.

ಕಾಣಿಯೂರಿನಲ್ಲಿ ಆದೀತೇ?

ಊರಿಗೆ ಬಂದ ಮೇಲೆ ಕೆಲವರು ಕೇಳಿದರು, ಇಲ್ಲಿಯೂ ಅಂಥದ್ದೊಂದು ತೊಟ್ಟಿ ತರಿಸಿ ಮಾಡಿಸಬಹುದಲ್ಲವೇ ಎಂದು. ನಾನು ಬೇಡವೆಂದೆ. ಇಪ್ಪತ್ತೆರಡು ಸಾವಿರ ರೂಪಾಯಿಗೆ ತೊಟ್ಟಿ ಬರುತ್ತದೆ. ಚುಚ್ಚುಮದ್ದು ಹಿಡಿದುಕೊಂಡು ಮನೆಗೆ ಬರುವ ಇಬ್ಬರು ಮಿಡ್‌ವೈಫ್ ಅದರ ಜತೆ ಬರುವುದಿಲ್ಲ. ಸವಣೂರು, ನರಿಮೊಗರು ದಾಟಿ ಪುತ್ತೂರು ಸೇರಲು ಇಪ್ಪತ್ತೈದು ಕಿಲೋಮೀಟರಿನಷ್ಟಿದೆ. ತೊಟ್ಟಿಯ ರೇಟು ನೋಡುವ ಮೊದಲು ಆ ದಾರಿಯನ್ನು ನೋಡಬೇಕು. 2018ರ ಜುಲೈಯಲ್ಲಿ ತಮಿಳುನಾಡಿನ ತಿರುಪ್ಪೂರಿನಲ್ಲಿ ಯೂಟ್ಯೂಬ್ ನೋಡಿ ಮನೆಯಲ್ಲೇ ಹೆರಿಗೆ ಮಾಡಿಸಲು ಹೋಗಿ ಒಬ್ಬ ತಾಯಿ ರಕ್ತಸ್ರಾವದಿಂದ ತೀರಿಕೊಂಡದ್ದನ್ನು ಪತ್ರಿಕೆಗಳಲ್ಲಿ ಓದಿದ್ದೇವೆ.

ಹಳೆಯ ಸೂಲಗಿತ್ತಿಯರನ್ನು ನಾನು ಹಳಿಯುವುದಿಲ್ಲ. ಪಾವಗಡದ ಸೂಲಗಿತ್ತಿ ನರಸಮ್ಮ ಸಾವಿರಾರು ಹೆರಿಗೆಗಳನ್ನು ಬಿಡಿಗಾಸು ಪಡೆಯದೆ ಮಾಡಿಸಿದವರು. 2018ರಲ್ಲಿ ಪದ್ಮಶ್ರೀ ಬಂತು, ಅದೇ ಡಿಸೆಂಬರ್‌ನಲ್ಲಿ ತೀರಿಕೊಂಡರು. ನಮ್ಮ ಮನೆಗೆ ಬಂದಿದ್ದ ಅಜ್ಜಿಯದ್ದೂ ತಪ್ಪಿರಲಿಲ್ಲ. ಅವರ ಕೈಯಲ್ಲಿ ಆ ಮದ್ದು ಇರಲಿಲ್ಲ, ಅವರ ಬೆನ್ನ ಹಿಂದೆ ರಸ್ತೆ ಇರಲಿಲ್ಲ.

ಈಗ ನಮ್ಮಲ್ಲಿ ಅದು ಎಷ್ಟೋ ಬದಲಾಗಿದೆ. 2005ರಲ್ಲಿ ಜನನಿ ಸುರಕ್ಷಾ ಯೋಜನೆ ಬಂತು, 2008ರಲ್ಲಿ ಕರ್ನಾಟಕಕ್ಕೆ 108 ಆಂಬುಲೆನ್ಸ್ ಬಂತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ರಾಜ್ಯದಲ್ಲಿ ನೂರಕ್ಕೆ 97 ಹೆರಿಗೆಗಳು ಆಸ್ಪತ್ರೆಗಳಲ್ಲೇ ಆಗುತ್ತಿವೆ. ತರಬೇತಾದ ಮಿಡ್‌ವೈಫ್‌ಗಳನ್ನು ಸಿದ್ಧಪಡಿಸುವ ಮಾರ್ಗಸೂಚಿಯನ್ನು ಕೇಂದ್ರ ಸರಕಾರ 2018ರಲ್ಲಿ ತಂದಿದೆ. ನೀರಿನ ತೊಟ್ಟಿಯೇ ಬೇಕೆನ್ನುವವರಿಗೆ ಬೆಂಗಳೂರಿನ ಕೆಲವು ಖಾಸಗಿ ಆಸ್ಪತ್ರೆಗಳಲ್ಲಿ ಅದು ಇದೆ, ಪಕ್ಕದಲ್ಲೇ ಶಸ್ತ್ರಚಿಕಿತ್ಸೆಯ ಕೋಣೆಯೂ ಇದೆ.

ಅಷ್ಟು ದೂರ ಹೋಗಲಾರದವರು ತಮ್ಮ ಆಸ್ಪತ್ರೆಯಲ್ಲಿ ಮೂರು ಮಾತು ಕೇಳಿ ನೋಡಬಹುದು. ನೋವಿನ ಹೊತ್ತಿನಲ್ಲಿ ಜತೆಗೆ ಮನೆಯ ಹೆಂಗಸೊಬ್ಬರು ಇರಬಹುದೇ? ಸರಕಾರಿ ಆಸ್ಪತ್ರೆಗಳಲ್ಲಿ ಇದಕ್ಕೆ ಅವಕಾಶ ಕೊಡಬೇಕೆಂದು ಕೇಂದ್ರ ಸರಕಾರ 2016ರಲ್ಲೇ ಹೇಳಿದೆ. ಮಲಗಿಯೇ ಇರಬೇಕೆ, ನಡೆದಾಡಬಹುದೇ? ಬೆನ್ನಿಗೆ ಬಿಸಿನೀರು ಹೊಯ್ದುಕೊಳ್ಳಲು ಬಚ್ಚಲು ಉಂಟೇ? ಇವಕ್ಕೆ ಪೌಂಡೂ ಬೇಡ, ರೂಪಾಯಿಯೂ ಬೇಡ.

ಮಗಳ ಮನೆಯ ತೊಟ್ಟಿಯ ಒಳಹಾಳೆಯನ್ನು ಕಿತ್ತು ಬಿಸಾಡಿ, ತೊಳೆದು, ಬಿಸಿಲಿಗಿಟ್ಟು ಒಣಗಿಸಿದೆವು. ಅಲ್ಲಿನ ಬೇಸಿಗೆಯಲ್ಲಿ ಮೊಮ್ಮಗಳು ಅದನ್ನು ಹಿತ್ತಿಲಿಗೆ ಎಳೆದು ನೀರು ತುಂಬಿಸಿ ಆಡಿದಳು. ತಮ್ಮನ ತೊಟ್ಟಿ ತನಗೆ ಸಿಕ್ಕಿತೆಂದು ಅವಳಿಗೆ ಹೆಮ್ಮೆ.

ಮಗು ಹುಟ್ಟಿದ ಮರುದಿನವೇ ಊರಿನಿಂದ ತಂಗಿ ಫೋನ್ ಮಾಡಿದ್ದಳು. ಆ ಆಟಿಯ ಬೆಳಗಿನ ಜಾವ ಹುಟ್ಟಿದ ತಂಗಿ, ಈಗ ಅವಳೂ ಅಜ್ಜಿ. ಎಲ್ಲವನ್ನೂ ಕೇಳಿದಳು. ಕೊನೆಗೆ, "ಆಸ್ಪತ್ರೆ ಎಷ್ಟು ದೂರ ಇತ್ತು ಅಣ್ಣ?" ಎಂದಳು.

"ಹನ್ನೆರಡು ನಿಮಿಷ" ಎಂದೆ.

ಸ್ವಲ್ಪ ಹೊತ್ತು ಅವಳು ಮಾತಾಡಲಿಲ್ಲ. ಆಮೇಲೆ, "ಹನ್ನೆರಡೇ ನಿಮಿಷವಾ?" ಎಂದಳು.